ಅಕ್ಷರವಿಲ್ಲದ ಪುಟದ ಮುಂದೆ

ಆ ಪುಸ್ತಕ ನಮ್ಮ ಮನೆಗೆ ಬಂದಾಗ ಮಗಳಿಗೆ ಮೂರು ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ಹೊರದೇಶದಿಂದ ರಜೆಗೆ ಊರಿಗೆ ಬಂದಿದ್ದ ಗೆಳತಿಯೊಬ್ಬಳು ತಂದುಕೊಟ್ಟ ಪುಸ್ತಕ ಅದು. ಮುಖಪುಟದ ಮೇಲೆ ಪುಸ್ತಕದ ಹೆಸರಾಗಲಿ, ಮಾಡಿದವರ ಹೆಸರಾಗಲಿ ಇರಲಿಲ್ಲ. ಪುಟದ ತುಂಬ ಒಂದು ಸಿಂಹದ ಮುಖ, ಅದೂ ನಮ್ಮನ್ನು ನೋಡದೆ ಪಕ್ಕಕ್ಕೆ ಕಣ್ಣು ಹೊರಳಿಸಿರುವ ಮುಖ. ಒಳಗೆ ಪುಟ ಮಗುಚುತ್ತ ಹೋದರೆ ಕಥೆ ಹೇಳುವ ಒಂದು ಸಾಲೂ ಇಲ್ಲ. ಗೂಬೆ ಕೂಗುವ, ಇಲಿ ಕೀಚಲಿಡುವ, ಸಿಂಹ ಗುಡುಗುವ, ಜೀಪು ಸದ್ದು ಮಾಡುತ್ತ ಬರುವ ಶಬ್ದಗಳು ಮಾತ್ರ ಅಲ್ಲಲ್ಲಿ ಚಿತ್ರದೊಳಗೇ ಸೇರಿಕೊಂಡಿವೆ. ಅಮೆರಿಕದ ಚಿತ್ರಕಾರ ಜೆರ್ರಿ ಪಿಂಕ್ನಿ ಈಸೋಪನ ಸಿಂಹ ಮತ್ತು ಇಲಿಯ ಕಥೆಯನ್ನು ಆಫ್ರಿಕದ ಸೆರೆಂಗೆಟಿಯ ಹುಲ್ಲುಗಾವಲಿಗೆ ಒಯ್ದು 2009ರಲ್ಲಿ ಮಾಡಿದ ಪುಸ್ತಕವಿದು. ಮರುವರ್ಷ ಇದಕ್ಕೆ, ಮಕ್ಕಳ ಚಿತ್ರಪುಸ್ತಕಗಳಿಗೆ ಅಲ್ಲಿ ಕೊಡುವ ಕ್ಯಾಲ್ಡೆಕಾಟ್ ಪದಕ ಬಂದಿತೆಂಬುದು ನನಗೆ ತಿಳಿದದ್ದು ಆಮೇಲೆ.

ಮೊದಲ ರಾತ್ರಿ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಸಿಂಹ ಮತ್ತು ಇಲಿಯ ಕಥೆ ಯಾರಿಗೆ ಗೊತ್ತಿಲ್ಲ? ನಾನು ಶಾಲೆಯಲ್ಲಿ ಓದಿದ್ದ ಪಾಠವನ್ನೇ ಚಿತ್ರಗಳ ಮೇಲೆ ಹೊದಿಸುತ್ತ, ಒಂದೊಂದು ಪುಟಕ್ಕೂ ಒಂದೊಂದು ವಾಕ್ಯ ಹೇಳುತ್ತ, ಐದು ನಿಮಿಷದಲ್ಲಿ ಪುಸ್ತಕ ಮುಗಿಸಿದೆ. ಚಿಕ್ಕವರೆಂದು ಯಾರನ್ನೂ ಹಗುರವಾಗಿ ಕಾಣಬಾರದು ಎಂಬ ನೀತಿಯನ್ನೂ ಕೊನೆಗೆ ಸೇರಿಸಿದೆ. ಮಗಳು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡಳು. ಬಳಿಕ ಪುಸ್ತಕವನ್ನು ನನ್ನ ಕೈಯಿಂದ ಎಳೆದುಕೊಂಡು, ಮೊದಲ ಪುಟಕ್ಕೆ ಹೋಗಿ, ಅಲ್ಲಿದ್ದ ಪುಟ್ಟ ಇಲಿಯ ಸುತ್ತಲಿನ ಮಣ್ಣಿನ ಮೇಲೆ ಬೆರಳಿಟ್ಟು, "ಇಲಿ ಗುಂಡಿಲಿ ಕೂತಿದೆ" ಎಂದಳು. ನನಗೆ ಆ ಗುಂಡಿ ಕಂಡಿರಲೇ ಇಲ್ಲ. ಇಲಿಯನ್ನು ಕಂಡೊಡನೆ ಇಲಿ ಎಂದು ಹೇಳಿ ನಾನು ಪುಟ ತಿರುಗಿಸಿಬಿಟ್ಟಿದ್ದೆ.

ಮೂರನೆಯದೋ ನಾಲ್ಕನೆಯದೋ ರಾತ್ರಿ ಅದೇ ಪುಟದಲ್ಲಿ ಅವಳು ಬಹಳ ಹೊತ್ತು ನಿಂತಳು. ಮುಂದಿನ ಪುಟಗಳಿಗೆ ಹೋಗಿ ಸಿಂಹದ ಪಂಜವನ್ನು ನೋಡಿದಳು, ಮತ್ತೆ ಹಿಂದಕ್ಕೆ ಬಂದಳು, ಮತ್ತೆ ಮುಂದಕ್ಕೆ ಹೋದಳು. ಆಮೇಲೆ ನನ್ನ ಕಡೆ ತಿರುಗಿ ಪಿಸುಮಾತಿನಲ್ಲಿ ಹೇಳಿದಳು: "ಅಮ್ಮಾ, ಗುಂಡಿ ಅಲ್ಲ ಇದು. ಸಿಂಹದ ಹೆಜ್ಜೆ. ಇಲಿಗೆ ಗೊತ್ತೇ ಇಲ್ಲ." ನನ್ನ ಮೈ ಜುಮ್ಮೆಂದಿತು. ಇಡೀ ಕಥೆಯನ್ನು ಚಿತ್ರಕಾರ ಮೊದಲ ಪುಟದಲ್ಲೇ ಇಟ್ಟಿದ್ದಾನೆ: ಯಾರ ಹೆಜ್ಜೆಯ ಗುರುತಿನೊಳಗೆ ತಾನು ಕೂತಿದ್ದೇನೆ ಎಂಬುದು ಆ ಇಲಿಗೆ ತಿಳಿದಿಲ್ಲ. ಅದನ್ನು ಕಂಡವಳು ಮೂರು ವರ್ಷದ ಹುಡುಗಿ. ಅಕ್ಷರ ಬಲ್ಲ ನಾನು ಅಲ್ಲಿ ಅಕ್ಷರವಿಲ್ಲದ ಕಾರಣಕ್ಕೇ ನಿಲ್ಲದೆ ಮುಂದೆ ಹೋಗಿದ್ದೆ. ಅಕ್ಷರ ಬಲ್ಲವರ ಕಣ್ಣು ಪುಟದಲ್ಲಿ ಮೊದಲು ಸಾಲುಗಳನ್ನು ಹುಡುಕುತ್ತದೆ, ಸಾಲು ಮುಗಿದರೆ ಪುಟವೂ ಮುಗಿಯಿತೆಂದು ತಿಳಿಯುತ್ತದೆ. ಮಗುವಿಗೆ ಪುಟ ಎಲ್ಲಿ ಮುಗಿಯುತ್ತದೆ ಎಂದು ಹೇಳಿಕೊಡುವವರು ಯಾರೂ ಇರುವುದಿಲ್ಲ, ಹಾಗಾಗಿ ಅದು ಮೂಲೆಯ ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ.

ಅಂದಿನಿಂದ ನಾನು ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳತೊಡಗಿದೆ, ಮತ್ತು ಅದು ಸುಲಭವಲ್ಲವೆಂದು ಆಗ ತಿಳಿಯಿತು. ಮಕ್ಕಳ ಮುಂದೆ ಚಿತ್ರ ಹಿಡಿದರೆ ನಮ್ಮ ಬಾಯಿಂದ ತಾನಾಗಿಯೇ ಹೊರಡುವ ಪ್ರಶ್ನೆಗಳು ಮೂರೇ ಮೂರು: ಇದೇನು, ಎಷ್ಟಿವೆ, ಯಾವ ಬಣ್ಣ. ಮನೆಗೆ ಬಂದ ನೆಂಟರೂ ಅದನ್ನೇ ಕೇಳುತ್ತಾರೆ, ಮಗು ಸರಿಯಾಗಿ ಹೇಳಿದರೆ "ಜಾಣೆ" ಎನ್ನುತ್ತಾರೆ, ಹೇಳದಿದ್ದರೆ ತಾವೇ ಹೇಳಿಕೊಡುತ್ತಾರೆ. ಇದು ಪರೀಕ್ಷೆ, ಉತ್ತರ ಕೇಳುವವರಿಗೆ ಮೊದಲೇ ಗೊತ್ತಿದೆ ಎಂಬುದು ಮಗುವಿಗೂ ಗೊತ್ತು. ಇಂಥ ಪ್ರಶ್ನೆಗೆ ಬರುವ ಉತ್ತರ ಯಾವಾಗಲೂ ಒಂದು ನಾಮಪದ. ಇಲಿ, ಸಿಂಹ, ಮರ, ಬಲೆ. ಅಲ್ಲಿಗೆ ಮಾತು ನಿಲ್ಲುತ್ತದೆ. "ಏನಾಯ್ತು?" ಎಂದು ಕೇಳಿ ಬಾಯಿ ಮುಚ್ಚಿಕೊಂಡರೆ ಮಾತ್ರ ಕ್ರಿಯಾಪದ ಹೊರಗೆ ಬರುತ್ತದೆ, ಅದು ಬರುವುದಕ್ಕೆ ಹೊತ್ತು ಬೇಕು. ನಾನು ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದೆ. ಹಲವು ಸಲ ಎಂಟಕ್ಕೋ ಒಂಬತ್ತಕ್ಕೋ ಅವಳ ಮಾತು ಬರುತ್ತಿತ್ತು. ಮೊದಲಾಗಿದ್ದರೆ ಮೂರು ಎಣಿಸುವಷ್ಟರಲ್ಲಿ ನಾನು ಉತ್ತರ ಹೇಳಿ ಪುಟ ತಿರುಗಿಸಿರುತ್ತಿದ್ದೆ.

ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರಿಗೆ ಚಿತ್ರಪುಸ್ತಕ ಓದುವಾಗ ಹೌದು, ಅಲ್ಲ ಎಂದು ಮುಗಿಯದ ಪ್ರಶ್ನೆ ಕೇಳುವುದನ್ನೂ, ಮಗು ಹೇಳಿದ ಚಿಕ್ಕ ಮಾತನ್ನು ಎತ್ತಿಕೊಂಡು ಇನ್ನಷ್ಟು ಬೆಳೆಸಿ ಹಿಂದಿರುಗಿಸುವುದನ್ನೂ ಕಲಿಸಿಕೊಟ್ಟರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತುಗಾರಿಕೆ, ಅಷ್ಟೇ ಪುಸ್ತಕ ಓದಿಸಿಕೊಂಡ ಉಳಿದ ಮಕ್ಕಳಿಗಿಂತ ಮುಂದಿತ್ತು. ಅಕ್ಷರವಿರುವ ಪುಸ್ತಕದಲ್ಲಿ ಹೀಗೆ ಮಾಡಬೇಕೆಂದರೆ ತಂದೆತಾಯಿಗೆ ತರಬೇತಿ ಬೇಕು. ಅಕ್ಷರವಿಲ್ಲದ ಪುಸ್ತಕದಲ್ಲಿ ಬೇರೆ ದಾರಿಯೇ ಇರುವುದಿಲ್ಲ, ಇಬ್ಬರಲ್ಲಿ ಒಬ್ಬರು ಮಾತಾಡಲೇಬೇಕು. ಆ ಒಬ್ಬರು ಮಗುವೇ ಆಗಿರಲಿ ಎಂಬುದಷ್ಟೇ ನಾನು ಕಷ್ಟಪಟ್ಟು ಕಲಿತದ್ದು.

ಹೀಗೆ ಕೇಳಿಸಿಕೊಳ್ಳತೊಡಗಿದ ಮೇಲೆ ಮಗಳ ಕನ್ನಡ ಬೆಳೆಯುವುದು ನನ್ನ ಕಿವಿಗೆ ಬೀಳತೊಡಗಿತು. ಮೊದಮೊದಲು ಅವಳ ಕಥೆ ಹೀಗಿತ್ತು: "ಇಲಿ. ಸಿಂಹ. ಬಲೆ. ಇಲಿ ಬಂತು. ಕಟ್ ಮಾಡ್ತು." ಒಂದೊಂದು ಚಿತ್ರವೂ ಒಂದೊಂದು ದ್ವೀಪ. ಕೆಲವು ವಾರಗಳ ನಂತರ ನಡುವೆ "ಆಮೇಲೆ" ಬಂತು, ಮುಂದೆ ಎಲ್ಲ ಪುಟಗಳ ನಡುವೆಯೂ "ಆಮೇಲೆ" ಬಂದು ಕೂತಿತು. ನಾಲ್ಕು ತುಂಬುವ ಹೊತ್ತಿಗೆ ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, "ಇಲಿ ಓಡಿ ಬಂದು, ಹಗ್ಗ ಕಡಿದು, ಸಿಂಹನ್ನ ಬಿಡಿಸಿ ಮನೆಗೆ ಹೋಯ್ತು" ಎಂದಳು. ನಾಲ್ಕು ಪುಟಗಳು ಒಂದೇ ವಾಕ್ಯದೊಳಗೆ ಬಂದು ಸೇರಿದ್ದವು. ಶಾಲೆಯಲ್ಲಿ ನಾವು ಕೃದಂತಾವ್ಯಯ ಎಂದು ಬಾಯಿಪಾಠ ಮಾಡಿದ್ದ ಬಂದು, ಕಡಿದು, ಬಿಡಿಸಿ ಎಂಬ ರೂಪಗಳ ಕೆಲಸವೇನೆಂದು ನನಗೆ ಮನದಟ್ಟಾದದ್ದು ಅಂದೇ. ಕನ್ನಡದಲ್ಲಿ ಕಥೆ ಹೇಳುವುದೆಂದರೆ ಹೂವು ಕಟ್ಟಿದ ಹಾಗೆ. ಕ್ರಿಯೆಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು ಬಿಗಿಯುತ್ತ ಹೋಗಿ, ಕೊನೆಯ ಕ್ರಿಯಾಪದದಲ್ಲಿ ಗಂಟು ಹಾಕುತ್ತೇವೆ.

ಭಾಷಾವಿಜ್ಞಾನಿಗಳು ಇದೇ ಕಾರಣಕ್ಕೆ ಮಾತಿಲ್ಲದ ಪುಸ್ತಕವೊಂದನ್ನು ದಶಕಗಳ ಕಾಲ ಬಳಸಿದ್ದಾರೆ. ಮರ್ಸರ್ ಮೇಯರ್ 1969ರಲ್ಲಿ ಮಾಡಿದ, ಕಳೆದುಹೋದ ಕಪ್ಪೆಯನ್ನು ಹುಡುಕಿಕೊಂಡು ಹೊರಡುವ ಹುಡುಗ ಮತ್ತು ಅವನ ನಾಯಿಯ 24 ಚಿತ್ರಗಳ ಕಥೆ ಅದು. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಎಂಬ ವಿದ್ವಾಂಸರು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ ಮತ್ತು ಟರ್ಕಿಷ್ ಮಾತಾಡುವ ಮಕ್ಕಳಿಗೂ ದೊಡ್ಡವರಿಗೂ ಅದೇ ಪುಸ್ತಕ ಕೊಟ್ಟು, ಹೇಳಿಸಿದ ಕಥೆಗಳನ್ನೆಲ್ಲ ಹೋಲಿಸಿ 1994ರಲ್ಲಿ ದೊಡ್ಡದೊಂದು ಗ್ರಂಥ ಪ್ರಕಟಿಸಿದರು. ಯಾವ ಭಾಷೆಯಾದರೂ ಮೂರು ವರ್ಷದ ಮಕ್ಕಳು ಚಿತ್ರಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ, ಐದರ ಮಕ್ಕಳು ಒಂದಕ್ಕೊಂದು ಕೊಂಡಿ ಹಾಕುತ್ತಾರೆ, ಒಂಬತ್ತರ ಹೊತ್ತಿಗೆ ಹುಡುಕಾಟವೆಂಬ ಒಂದೇ ದಾರ ಕಥೆಯುದ್ದಕ್ಕೂ ಹಾಯುತ್ತದೆ. ಆದರೆ ಆ ಕೊಂಡಿಯನ್ನು ಯಾವ ಪ್ರತ್ಯಯದಿಂದ, ಯಾವ ರೂಪದಿಂದ ಹಾಕಬೇಕೆಂಬುದನ್ನು ಅವರವರ ಭಾಷೆಯೇ ಕಲಿಸಿಕೊಡುತ್ತದೆ. ಮಾತಿಲ್ಲದ ಪುಸ್ತಕ ಮಾತು ಕಲಿಸುವುದಿಲ್ಲ ಎನ್ನುವವರಿಗೆ ನಾನು ಇದನ್ನು ಹೇಳುವುದುಂಟು. ಹಾಗೆನ್ನುವವರು ಬಹಳ ಮಂದಿ ಇದ್ದಾರೆ. ನಮ್ಮೂರಿನ ಪುಸ್ತಕದಂಗಡಿಯೊಂದರಲ್ಲಿ ಇಂಥ ಪುಸ್ತಕ ಬೇಕೆಂದು ಕೇಳಿದಾಗ, "ಅಕ್ಷರ ಇಲ್ದಿದ್ ಪುಸ್ತಕಕ್ಕೆ ಯಾರು ದುಡ್ಡು ಕೊಡ್ತಾರೆ ಮೇಡಂ? ಬಣ್ಣ ತುಂಬೋ ಪುಸ್ತಕ ಇದೆ, ಕೊಡ್ಲಾ?" ಎಂದಿದ್ದರು.

ನನ್ನ ಅತ್ತೆ ತರೀಕೆರೆ ಕಡೆಯ ಹಳ್ಳಿಯವರು. ಎರಡನೇ ಇಯತ್ತೆಗೆ ಶಾಲೆ ಬಿಡಿಸಿ ತಮ್ಮಂದಿರನ್ನು ಆಡಿಸಲು ಹಾಕಿದ್ದರಂತೆ. ಬಸ್ಸಿನ ಬೋರ್ಡು ಓದುತ್ತಾರೆ, ಪತ್ರಿಕೆಯ ದೊಡ್ಡ ಅಕ್ಷರಗಳನ್ನು ಕೂಡಿಸಿ ಓದುತ್ತಾರೆ. ಮೊಮ್ಮಗಳು ಕಥೆಪುಸ್ತಕ ಹಿಡಿದು ಹೋದರೆ ಮಾತ್ರ ಪ್ರತಿಸಲವೂ "ಕನ್ನಡಕ ಎಲ್ಲಿಟ್ಟೆನೋ ಮಗಾ, ಅಮ್ಮನ ಹತ್ರ ಹೋಗು" ಎನ್ನುತ್ತಿದ್ದರು. ಕನ್ನಡಕ ಅವರ ತಲೆಯ ಮೇಲೆಯೇ ಇರುತ್ತಿತ್ತು. ಈ ಸಿಂಹದ ಪುಸ್ತಕವನ್ನು ಕೊಟ್ಟಾಗಲೂ ಮೊದಲು ಹಿಂಜರಿದರು. ಒಳಗೆ ಅಕ್ಷರವಿಲ್ಲವೆಂದು ಕಂಡಮೇಲೆ ಕನ್ನಡಕವನ್ನು ತಲೆಯಿಂದ ಇಳಿಸಿ, ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಆ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಜಗಲಿಯ ಮೇಲೆ ಕೂತು ಒಂದು ಗಂಟೆಗೂ ಮಿಕ್ಕಿ ಪುಸ್ತಕ ನೋಡಿದರು. ನಾನು ಒಳಗೆ ಬೇಳೆ ಆರಿಸುತ್ತ ಕೇಳುತ್ತಿದ್ದೆ. ಬಲೆ ಬಿದ್ದ ಪುಟದಲ್ಲಿ ಅತ್ತೆ ತಮ್ಮ ಊರಿನ ಕಥೆಯನ್ನೇ ತೆಗೆದರು: ಹಂದಿಗೆ ಉರುಳು ಹಾಕುವುದು ಹೇಗೆ, ಉರುಳು ಎಳೆದಷ್ಟೂ ಏಕೆ ಬಿಗಿಯುತ್ತದೆ, ಅದಕ್ಕೇ ಸಿಂಹ ಎಷ್ಟು ಒದ್ದಾಡಿದರೂ ಬಿಡಿಸಿಕೊಳ್ಳಲಾಗಲಿಲ್ಲ. ನನಗೆ ತಿಳಿಯದ ಎಷ್ಟೋ ಮಾತುಗಳು ಆ ಪುಟಕ್ಕೆ ಬಂದು ಸೇರಿದವು.

ಅಲ್ಲಿಂದ ಮುಂದೆ ಮಗಳ ಕಥೆಯಲ್ಲಿ "ಅಂತೆ" ಕಾಣಿಸಿಕೊಂಡಿತು. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ ಎಂಬಲ್ಲಿಂದ ಶುರುವಾಗುವ ಕಥೆಗಳ ಬಾಯಲ್ಲಿ ಬೆಳೆದವರು ಅತ್ತೆ, ಹಾಗಾಗಿ ಅದು ಬಂದದ್ದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯಾದದ್ದು ಮಗಳು ಅದನ್ನು ಎಲ್ಲಿ ಬಳಸುತ್ತಾಳೆ, ಎಲ್ಲಿ ಬಳಸುವುದಿಲ್ಲ ಎಂಬುದರಲ್ಲಿ. ಚಿತ್ರದಲ್ಲಿ ಕಣ್ಣಾರೆ ಕಾಣುವುದನ್ನು ಅವಳು ನೇರವಾಗಿ ಹೇಳುತ್ತಿದ್ದಳು: "ಇಲಿ ಸಿಂಹದ ಮೇಲೆ ಹತ್ತಿತು." ಚಿತ್ರದಲ್ಲಿ ಕಾಣದ್ದನ್ನು, ಅಂದರೆ ಸಿಂಹ ಮನಸ್ಸಿನಲ್ಲಿ ಏನಂದುಕೊಂಡಿತು, ಇಲಿಯ ಮರಿಗಳಿಗೆ ಎಷ್ಟು ಹಸಿವಾಗಿತ್ತು ಎಂಬುದನ್ನು ಹೇಳುವಾಗ ಮಾತ್ರ, "ಸಿಂಹಕ್ಕೆ ಅಯ್ಯೋ ಪಾಪ ಅನ್ನಿಸ್ತಂತೆ" ಎನ್ನುತ್ತಿದ್ದಳು. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಅವಳೇ ಒಂದು ಗೆರೆ ಎಳೆದುಕೊಂಡಿದ್ದಳು, ಆ ಗೆರೆಗೆ ಬೇಕಾದ ಪ್ರತ್ಯಯ ಅಜ್ಜಿಯಿಂದ ಸಿಕ್ಕಿತ್ತು. ನಾನು ಅಚ್ಚಾದ ಸಾಲುಗಳನ್ನು ಓದಿ ಹೇಳಿದ್ದರೆ ಎಲ್ಲವೂ ಒಂದೇ ಸ್ವರದಲ್ಲಿ ಅವಳ ಕಿವಿಗೆ ಬೀಳುತ್ತಿತ್ತು, ಆ ಗೆರೆಯ ಅಗತ್ಯವೇ ಹುಟ್ಟುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಊಹೆ ಸದಾ ಸರಿಯಾಗಿರುತ್ತದೆ ಎಂದಲ್ಲ. ರೇಮಂಡ್ ಬ್ರಿಗ್ಸ್ 1978ರಲ್ಲಿ ಮಾಡಿದ ಹಿಮಮಾನವನ ಪುಸ್ತಕವನ್ನು ಮುಂದೊಂದು ದಿನ ಗ್ರಂಥಾಲಯದಿಂದ ತಂದೆ. ಹುಡುಗನೊಬ್ಬ ಹಿಮದ ಗೊಂಬೆ ಮಾಡುತ್ತಾನೆ, ರಾತ್ರಿ ಅದಕ್ಕೆ ಜೀವ ಬರುತ್ತದೆ, ಇಬ್ಬರೂ ಹಾರಿ ಹೋಗಿ ಬರುತ್ತಾರೆ, ಬೆಳಗಾಗುವಾಗ ಟೋಪಿ ಮತ್ತು ಕುತ್ತಿಗೆವಸ್ತ್ರ ಮಾತ್ರ ಉಳಿದಿರುತ್ತವೆ. ಮಲೆನಾಡಿನ ಮಳೆ ಬಿಟ್ಟರೆ ಬೇರೇನನ್ನೂ ಕಾಣದ ನನ್ನ ಮಗಳು ಅವನನ್ನು ಮೊದಲಿನಿಂದಲೂ "ಹತ್ತಿ ಮನುಷ್ಯ" ಎಂದಳು. ಕೊನೆಯ ಪುಟದಲ್ಲಿ "ಹತ್ತಿ ಗಾಳಿಗೆ ಹಾರಿಹೋಯ್ತು" ಎಂದು ತೀರ್ಮಾನಿಸಿದಳು. ತಿದ್ದಬೇಕೇ ಬೇಡವೇ ಎಂದು ನಾನು ಬಹಳ ಯೋಚಿಸಿದೆ. ಅಂದು ತಿದ್ದಲಿಲ್ಲ. ಎರಡು ದಿನ ಬಿಟ್ಟು ಫ್ರಿಜ್ಜಿನಿಂದ ಒಂದು ಐಸ್ ತುಂಡನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ಒಂದು ಬಾಟಲಿಯ ಮುಚ್ಚಳವನ್ನು ಟೋಪಿಯಂತೆ ಕೂರಿಸಿ, ಏನೂ ಹೇಳದೆ ಬಿಸಿಲಿಗೆ ಇಟ್ಟೆ. ಮುಚ್ಚಳ ನೀರಿಗೆ ಇಳಿದದ್ದನ್ನು ನೋಡಿ ಅವಳು ಒಳಗೆ ಓಡಿಹೋಗಿ ಪುಸ್ತಕ ತಂದಳು, ಕೊನೆಯ ಪುಟ ತೆಗೆದು ತಟ್ಟೆಯ ಪಕ್ಕಕ್ಕೆ ಇಟ್ಟಳು. ಆಮೇಲೆ ಬಹಳ ಹೊತ್ತು ಅತ್ತಳು. ಹತ್ತಿ ಹಾರಿಹೋದಾಗ ಅವಳು ಅತ್ತಿರಲಿಲ್ಲ. ನಾನು ಮಾಡಿದ್ದು ಸರಿಯೇ ಎಂಬುದು ನನಗೆ ಇಂದಿಗೂ ಇತ್ಯರ್ಥವಾಗಿಲ್ಲ.

ಅತ್ತೆಯ ಊರಿಗೆ ಹೋದಾಗಲೆಲ್ಲ ಒಂದು ಸಲ ಅಮೃತಾಪುರಕ್ಕೆ ಹೋಗಿ ಬರುವುದು ನಮ್ಮ ಮನೆಯ ರೂಢಿ. ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತಗಳ ಕಥೆಯನ್ನು ಒಟ್ಟು 140 ಶಿಲ್ಪಫಲಕಗಳಲ್ಲಿ ಕಡೆದಿದ್ದಾರೆ. ನಾನು ಆ ಗೋಡೆಯ ಪಕ್ಕದಲ್ಲಿ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಚೆನ್ನಾಗಿದೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಈ ಸಲ ಮಗಳು ದಕ್ಷಿಣದ ಗೋಡೆಯ ಎಡತುದಿಯಲ್ಲಿ ನಿಂತು, ಪುಟ ತಿರುಗಿಸುವವಳಂತೆ ಒಂದೊಂದೇ ಫಲಕಕ್ಕೆ ಬೆರಳು ಮಾಡುತ್ತ ಬಲಕ್ಕೆ ಹೊರಟಳು. ಕೋತಿಗಳು ಕಂಡಲ್ಲಿ ನಿಂತಳು, ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು. ಅತ್ತೆ ಕಥೆ ಹೇಳುತ್ತ ಜೊತೆಗೆ ನಡೆದರು. 70 ಫಲಕಗಳ ರಾಮಾಯಣ ಆ ಗೋಡೆಯಲ್ಲಿ ಪ್ರದಕ್ಷಿಣೆಗೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ, ಅಂದರೆ ಗೋಡೆಗೆ ಮುಖ ಮಾಡಿ ನಿಂತವರಿಗೆ ಕನ್ನಡದ ಸಾಲಿನ ಹಾಗೆ ಎಡದಿಂದ ಬಲಕ್ಕೆ. ಹಾಗಾಗಿ ಅವಳಿಗೆ ಎಲ್ಲೂ ತೊಡಕಾಗಲಿಲ್ಲ.

ಉತ್ತರದ ಗೋಡೆಗೆ ಬಂದಾಗ ಅವಳು ಮತ್ತೆ ಎಡತುದಿಯಿಂದಲೇ ಶುರು ಮಾಡಿದಳು, ಅಲ್ಲಿ ಅಜ್ಜಿಯ ಕಥೆಯೂ ಕಲ್ಲಿನ ಕಥೆಯೂ ಹೊಂದಲಿಲ್ಲ. ಆ ಕಡೆ 25 ಫಲಕಗಳಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಅವು ಹೊಯ್ಸಳ ಗುಡಿಗಳ ವಾಡಿಕೆಯಂತೆ ಪ್ರದಕ್ಷಿಣೆಯ ದಿಕ್ಕಿನಲ್ಲಿವೆ, ಎದುರು ನಿಂತವರಿಗೆ ಬಲದಿಂದ ಎಡಕ್ಕೆ. "ಅಜ್ಜಿ, ಇದು ಉಲ್ಟಾ ಇದೆ" ಎಂದಳು ಮಗಳು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಉಲ್ಟಾ ಅಲ್ಲ ಪುಟ್ಟಿ, ದೇವರನ್ನ ಸುತ್ತು ಹಾಕ್ಕೊಂಡ್ ಬರೋರಿಗೆ ಇದೇ ಸರಿ" ಎಂದರು. ನಾನು ಬೆರಗಾಗಿ ನಿಂತೆ. ಪುಟ ತಿರುಗುವ ದಿಕ್ಕು ಅಕ್ಷರದಿಂದ ಬಂದದ್ದು, ಗೋಡೆ ತಿರುಗುವ ದಿಕ್ಕು ಕಾಲಿನಿಂದ ಬಂದದ್ದು ಎಂಬುದು ನನಗೆ ಎಂದೂ ಹೊಳೆದಿರಲಿಲ್ಲ. ಹಂಪಿಯ ಹಜಾರರಾಮ ಗುಡಿಯ ಗೋಡೆಯಲ್ಲೂ ರಾಮಾಯಣ ಹೀಗೆಯೇ ಮೂರು ಸಾಲುಗಳಲ್ಲಿ, ಸುತ್ತು ಬರುವವರಿಗಾಗಿ ಇದೆ. ಅಕ್ಷರವಿಲ್ಲದ ಪುಸ್ತಕ ಹೊರಗಿನಿಂದ ಬಂದ ಹೊಸ ಸಂಗತಿ ಎಂದುಕೊಂಡಿದ್ದ ನಾನು, ಅಂಥದೊಂದನ್ನು ಹುಟ್ಟಿದಂದಿನಿಂದ ಸುತ್ತುತ್ತಲೇ ಇದ್ದೆ.

ಈಗ ವಾರಕ್ಕೊಂದು ದಿನ ನಾನು ಮನೆಯ ಹತ್ತಿರದ ಅಂಗನವಾಡಿಗೆ ಪುಸ್ತಕಗಳನ್ನು ಒಯ್ಯುತ್ತೇನೆ. ಅಲ್ಲಿನ ಮಕ್ಕಳಲ್ಲಿ ಕೆಲವರು ಮನೆಯಲ್ಲಿ ಕನ್ನಡ ಮಾತಾಡುವವರು, ಕೆಲವರು ಉರ್ದು, ಕೆಲವರು ತಾಂಡಾದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಅವರದು ಲಂಬಾಣಿ. ಎರಡು ತಿಂಗಳು ತುಟಿ ಬಿಚ್ಚದ ಲಂಬಾಣಿ ಹುಡುಗಿಯೊಬ್ಬಳು ಸಿಂಹ ಗರ್ಜಿಸುವ ಪುಟದಲ್ಲಿ ಎದ್ದು ನಿಂತು ತನ್ನ ಭಾಷೆಯಲ್ಲಿ ಒಂದೇ ಸಮನೆ ಮಾತಾಡತೊಡಗಿದಳು. ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೆ ಯಾವ ಪುಟದಲ್ಲಿದ್ದಾಳೆ, ಇಲಿ ಈಗ ಎಲ್ಲಿದೆ ಎಂಬುದು ಮಾತ್ರ ಅವಳ ಕೈಯಿಂದ, ಕಣ್ಣಿಂದ ತಿಳಿಯುತ್ತಿತ್ತು. ಉಳಿದ ಮಕ್ಕಳೂ ತಲೆದೂಗಿ ಕೇಳಿದರು. ಮಕ್ಕಳ ಪುಸ್ತಕಗಳಿಗಾಗಿಯೇ ಇರುವ ಇಬ್ಬಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಟಲಿಯ ಲ್ಯಾಂಪೆಡೂಸಾ ದ್ವೀಪದಲ್ಲಿ 2012ರಲ್ಲಿ ಒಂದು ಕೆಲಸ ಆರಂಭಿಸಿತು. ಸಮುದ್ರ ದಾಟಿ ಬಂದಿಳಿಯುವ ನಿರಾಶ್ರಿತ ಕುಟುಂಬಗಳ ಮಕ್ಕಳಿಗೂ ದ್ವೀಪದ ಮಕ್ಕಳಿಗೂ ಸಮಾನವಾದ ಭಾಷೆ ಇಲ್ಲದಿದ್ದುದರಿಂದ, ಲೋಕದ ನಾನಾ ದೇಶಗಳಿಂದ ಮಾತಿಲ್ಲದ ಪುಸ್ತಕಗಳನ್ನೇ ಆರಿಸಿ ಅಲ್ಲಿಗೆ ತರಿಸಿತು. ನಮ್ಮ ಹಲವು ಅಂಗನವಾಡಿಗಳಲ್ಲಿ ಮೂರು ನಾಲ್ಕು ಮನೆಮಾತಿನ ಮಕ್ಕಳು ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ. ಅಲ್ಲಿ ಇಂಥ ಹತ್ತು ಪುಸ್ತಕಗಳಿದ್ದರೆ ಎಷ್ಟು ಚೆನ್ನ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಕೊಳ್ಳಲಾಗದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಮಾತಿಲ್ಲದ ಕಥೆಗಳೂ ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಬಹುದು. ಅದೂ ಆಗದಿದ್ದರೆ ಹಳೆಯ ನೋಟುಬುಕ್ಕಿಗೆ ಮನೆಯ ಫೋಟೋಗಳನ್ನು ಅಂಟಿಸಿದರೂ ಸಾಕು, ಕೆಳಗೆ ಹೆಸರು ಬರೆಯದಿದ್ದರಾಯಿತು.

ಮಗಳಿಗೆ ಈಗ ಐದು ವರ್ಷ. ಶಾಲೆಯಲ್ಲಿ ಅ, ಆ ತಿದ್ದಿಸುತ್ತಿದ್ದಾರೆ, ಸಿಕ್ಕಿದ ಬೋರ್ಡುಗಳಲ್ಲೆಲ್ಲ ತನಗೆ ಬರುವ ಅಕ್ಷರ ಹುಡುಕುತ್ತಾಳೆ. ಸಿಂಹದ ಪುಸ್ತಕದ ಬೆನ್ನು ಬಿಟ್ಟುಹೋಗಿ ನಾನು ಹೊಲಿದಿದ್ದೇನೆ. ಕಳೆದ ವಾರ ಅದನ್ನು ಮತ್ತೆ ತೆಗೆದೆವು. ಕೊನೆಯಲ್ಲಿ, ರಟ್ಟಿನ ಒಳಬದಿಗೆ ಅಂಟಿದ ಪುಟದಲ್ಲಿ ಸಿಂಹ ತನ್ನ ಸಂಸಾರದೊಂದಿಗೆ ಹೊರಟಿದೆ, ಇಲಿಯ ಸಂಸಾರ ಸಿಂಹದ ಬೆನ್ನೇರಿದೆ. ಅಲ್ಲಿಗೆ ಬಂದು ನಾನು ಪುಸ್ತಕ ಮುಚ್ಚಹೊರಟೆ. ಅವಳು ನನ್ನ ಕೈ ತಡೆದು, ಆರಂಭದ ಪುಟಗಳಿಗೆ ಹೋಗಿ, ಇಲಿಯನ್ನು ಅಟ್ಟಿಸಿಕೊಂಡು ಬರುವ ಗೂಬೆಯ ಮೇಲೆ ಬೆರಳಿಟ್ಟಳು. ಆ ಗೂಬೆಗೆ ಹೆದರಿ ಓಡುವಾಗಲೇ ಇಲಿ ಹೋಗಿ ಸಿಂಹದ ಮೈಮೇಲೆ ಹತ್ತಿದ್ದು.

"ಗೂಬೆಗೆ ಊಟ ಸಿಗ್ಲೇ ಇಲ್ಲ ಅಲ್ವಾ?"

ಎರಡು ವರ್ಷಗಳಲ್ಲಿ ನಾನು ಆ ಗೂಬೆಯ ಹಸಿವಿನ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಏನು ಹೇಳಲೆಂದು ಬಾಯಿ ತೆರೆದೆ.

"ನೀನು ಹೇಳ್ಬೇಡ ಅಮ್ಮಾ," ಎಂದಳು, "ನಂಗೆ ಸ್ವಲ್ಪ ನೋಡೋಕೆ ಬಿಡು."

ನಾನು ಒಂದರಿಂದ ಎಣಿಸತೊಡಗಿದೆ.